ಹೃದಯ ಉಣ್ಣುವ ಹೊತ್ತು

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಪ್ಪನ ದಿಂಬಿನ ಕೆಳಗೆ ಮಾತ್ರೆಯ ಪಟ್ಟಿಯೊಂದು ಸಿಕ್ಕಿತು. ಮೆಟೊಪ್ರೊಲಾಲ್. ನಾಲ್ಕು ಗುಳಿ ಖಾಲಿ, ಉಳಿದವು ಹಾಗೇ ಇದ್ದವು. ಅಪ್ಪನಿಗೆ ಆಂಜೈನಾ. ಏರು ಹತ್ತಿದರೆ ಎದೆ ಹಿಂಡುತ್ತದೆ, ನಿಂತರೆ ಇಳಿಯುತ್ತದೆ. ನಾನು ಐದು ವರ್ಷದಿಂದ ಪಿಎಚ್‌.ಡಿ.ಗೆ ಓದುತ್ತಿರುವುದೂ ಇದೇ ಜಾತಿಯ ಔಷಧಗಳನ್ನು.

"ಯಾಕಪ್ಪ ಬಿಟ್ಬಿಟ್ಟೆ?"

"ನಾಡಿ ಹಿಡಿದು ನೋಡ್ದೆ ಕಣಮ್ಮ. 78 ಇದ್ದದ್ದು 58ಕ್ಕೆ ಬಂದಿದೆ. ಎದೆನೋವಿಗೆ ಅಂತ ಕೊಟ್ಟು ಎದೆನೇ ನಿಲ್ಲಿಸ್ತಾರೇನೋ ಅನ್ನಿಸ್ತು."

ಮೊದಲು ಸಿಟ್ಟು ಬಂತು, ಆಮೇಲೆ ಭಯ. ಬೀಟಾ ಬ್ಲಾಕರ್‌ಗಳನ್ನು ತಟ್ಟನೆ ನಿಲ್ಲಿಸಿದರೆ ನೋವು ಮೊದಲಿಗಿಂತ ಜೋರಾಗಿ ಮರಳಬಹುದು, ಹೃದಯಾಘಾತವೂ ಆಗಬಹುದು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮತ್ತೆ ಶುರು ಮಾಡಿಸಿದೆ. ನಾಚಿಕೆಯಾದದ್ದು ರಾತ್ರಿ. ವಿಚಾರಸಂಕಿರಣಗಳಲ್ಲಿ ಅಪರಿಚಿತರಿಗೆ ಹೇಳಿದ್ದನ್ನು ಅಪ್ಪನಿಗೆ ಒಮ್ಮೆಯೂ ಕನ್ನಡದಲ್ಲಿ ಹೇಳಿರಲಿಲ್ಲ.

ಮರುದಿನ ತೆಂಗಿನ ತೋಟದಲ್ಲಿ ಕೂತು ಹೇಳಿದೆ. ಹೃದಯ ಇಡೀ ಮೈಗೆ ರಕ್ತ ಬಡಿಸುತ್ತದೆ. ಆದರೆ ಹೆಚ್ಚು ದುಡಿಯುವ ಅದರ ಎಡಭಾಗದ ಸ್ನಾಯುವಿಗೆ ಬಹುಪಾಲು ರಕ್ತ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಹಿಂಡುವಾಗ ಆ ಸ್ನಾಯುವೇ ತನ್ನೊಳಗಿನ ನಾಳಗಳನ್ನು ಅದುಮಿಬಿಡುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅಮ್ಮನ ಹಾಗೆ. ನಾಳ ಕಿರಿದಾದವರಲ್ಲಿ ಬಡಿತ ಓಡಿದಷ್ಟೂ ದುಡಿಮೆ ಹೆಚ್ಚು, ಉಣ್ಣುವ ಹೊತ್ತು ಕಡಿಮೆ. ಈ ಮಾತ್ರೆ ಬಡಿತ ನಿಧಾನಿಸಿ ಆ ಹೊತ್ತನ್ನು ಹಿಗ್ಗಿಸುತ್ತದೆ. ಹೃದಯಕ್ಕೆ ರಕ್ತ ಹೆಚ್ಚಿಸುವ ಬದಲು ಅದರ ಬೇಡಿಕೆಯನ್ನೇ ತಗ್ಗಿಸೋಣ ಎಂದು ಹೊರಟ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್, 1960ರ ದಶಕದಲ್ಲಿ ಪ್ರೊಪ್ರನೊಲಾಲ್ ರೂಪಿಸಿದರು. 1988ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

"ಮತ್ತೆ ನಾಲಿಗೆ ಕೆಳಗಿಡೋದು?"

ಅದು ನೈಟ್ರೇಟ್. ಮುಖ್ಯವಾಗಿ ಸಿರೆಗಳನ್ನು ಸಡಿಲಿಸುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಹೊರೆ ಇಳಿಯುತ್ತದೆ. ರಕ್ತದೊತ್ತಡವೂ ಇಳಿದು ತಲೆ ಸುತ್ತಬಹುದು, ಅದಕ್ಕೇ ಕೂತು ಇಟ್ಟುಕೊಳ್ಳಬೇಕು. ಒತ್ತಡ ಇಳಿಯಿತೆಂದು ಹೃದಯ ಓಡತೊಡಗಿದರೆ ಮೆಟೊಪ್ರೊಲಾಲ್ ಲಗಾಮು ಹಿಡಿಯುತ್ತದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂದ್ರೆ ಯಾವುದೂ ಶಕ್ತಿ ಕೊಡಲ್ಲ. ಕೆಲಸ ಕಮ್ಮಿ ಮಾಡಿಸ್ತವೆ, ಅಷ್ಟೆ."

ನನ್ನ ಮಹಾಪ್ರಬಂಧದಲ್ಲಿ ಇಷ್ಟು ಸರಳವಾದ ವಾಕ್ಯ ಒಂದೂ ಇಲ್ಲ.

ಆಮೇಲೆ ಮೆಲ್ಲಗೆ ಅಂದ: "ನಿಮ್ಮಮ್ಮ ಉಣ್ಣೋದನ್ನ ನಾನು ಸರಿಯಾಗಿ ನೋಡೇ ಇಲ್ಲ ಕಣೇ."

ಮೂರು ದಿನ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವಾಗ ಅಪ್ಪ ಜೇಬಿನಿಂದ ಪಟ್ಟಿ ತೆಗೆದು ತೋರಿಸಿದ. ಏಳು ಗುಳಿ ಖಾಲಿಯಾಗಿದ್ದವು.