ಬುಡದಲ್ಲುಳಿದ ಚಿಗುರು

ತಂದೆಯವರ ಅಂತ್ಯಕ್ರಿಯೆಗೆ ಬಾರದ ತಮ್ಮನೊಡನೆ ನಾನು ಎರಡು ವರ್ಷ ಮಾತು ಬಿಟ್ಟಿದ್ದೆ. ತಾಯಿಯವರ ಒತ್ತಾಯಕ್ಕೆ ಮಣಿದು ಕಳೆದ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಹೋದವನು, ಆತನ ಮೋಟಾರ್ ಸೈಕಲ್ಲಿನ ಹಿಂಬದಿಯಲ್ಲಿ ಕುಳಿತು ವಿಕ್ಟೋರಿಯಾ ರಾಜ್ಯದ ಗ್ರೇಟ್ ಆಲ್ಪೈನ್ ರಸ್ತೆಯನ್ನೇರಿದೆ.

ಹ್ಯಾರಿಯೆಟ್‌ವಿಲ್ ಎಂಬ ಊರು ದಾಟಿದೊಡನೆ ಸುಮಾರು 30 ಕಿ.ಮೀ. ತಿರುವುಗಳ ಏರು. ಡ್ಯಾನೀಸ್ ಲುಕ್‌ಔಟ್‌ನಲ್ಲಿ ನಿಂತಾಗ ಬೆಟ್ಟಸಾಲುಗಳು ಅಲೆಯಲೆಯಾಗಿ ಹರಡಿದ್ದವು. 1861 ಮೀಟರ್ ಎತ್ತರದ ಹಾಥಮ್ ಶಿಖರದ ಬಳಿಯಿಂದ ಆಚೆಗೆ 1922 ಮೀಟರಿನ ಫೆದರ್‌ಟಾಪ್ ಕಂಡಿತು.

ಆದರೆ ನನ್ನ ಕಣ್ಣು ನೆಟ್ಟದ್ದು ಸುಟ್ಟು ಬಿಳಿಚಿದ ಸ್ನೋ ಗಮ್ ಮರಗಳಲ್ಲಿ. ಇವು ನಮ್ಮ ನೀಲಗಿರಿ ಮರದ ಕುಲದವು. 2003ರ ಕಾಳ್ಗಿಚ್ಚು ಈ ಬೆಟ್ಟಸೀಮೆಯನ್ನು ಸುಟ್ಟಿತ್ತು. ಕಾಂಡ ಸತ್ತರೂ ಬುಡದ ಗಡ್ಡೆಯಿಂದ ಚಿಗುರುಗಳು ಎದ್ದು ನಿಂತಿದ್ದವು.

“ಮೇಲಿಂದ ಮೇಲೆ ಬೆಂಕಿ ಬಿದ್ದರೆ ಗಡ್ಡೆಯೂ ಸಾಯುತ್ತದೆ, ಅಣ್ಣಾ,” ಎಂದ ತಮ್ಮ. ಅವನ ಒಂದೊಂದು ಕರೆಯನ್ನೂ ನಾನು ಕತ್ತರಿಸಿದ್ದು ನೆನಪಾಯಿತು.

ಓಮಿಯೊ ಊರಿನತ್ತ ಇಳಿಯುವ ಮುನ್ನ ಅವನ ಹೆಗಲ ಮೇಲೆ ಕೈಯಿಟ್ಟೆ. “ಕೊನೆಯಲ್ಲಿ ಅಪ್ಪಾಜಿ ನಿನ್ನ ಹೆಸರನ್ನೇ ಕರೆದರು,” ಎಂದೆ. ಕೋಪದಿಂದ ಎರಡು ವರ್ಷ ಬಚ್ಚಿಟ್ಟಿದ್ದ ಮಾತು ಅದು. ಅವನು ಬಹಳ ಹೊತ್ತು ಗಾಡಿ ಹೊರಡಿಸಲಿಲ್ಲ.