ಮೀನಿನ ಐಸಿಗಿಂತ ತಣ್ಣಗೆ

ಮೇ ತಿಂಗಳಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೆಕೆಯಲ್ಲಿ ಬೆಂದವರಿಗೆ ವಿಶ್ವದ ಚಳಿಯ ಕಥೆ ನಂಬುವುದು ಕಷ್ಟ. ಸುಮಾರು 1380 ಕೋಟಿ ವರ್ಷಗಳ ಹಿಂದಿನ ಮಹಾಸ್ಫೋಟದ ಬಿಸಿ ಆರಿ ಆರಿ ಈಗ ಉಳಿದಿರುವುದು 2.7 ಕೆಲ್ವಿನ್, ಅಂದರೆ ಸೊನ್ನೆಗಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗೆ. 1964ರಲ್ಲಿ ಅಮೆರಿಕದ ಪೆನ್ಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ಸದಾ ಒಂದು ಮೊರೆತ ಕೇಳುತ್ತಿತ್ತು. ಪಾರಿವಾಳದ ಹಿಕ್ಕೆ ತೊಳೆದರೂ ಹೋಗಲಿಲ್ಲ. ಅದೇ ಈ ಪಳೆಯುಳಿಕೆ ವಿಕಿರಣ.

ಅದರಲ್ಲಿ ದಿಕ್ಕಿನಿಂದ ದಿಕ್ಕಿಗೆ ಲಕ್ಷಕ್ಕೊಂದು ಪಾಲಿನಷ್ಟು ಏರಿಳಿತ ಇದೆ. ಗೆಲಾಕ್ಸಿಗಳು ಮೊಳೆತದ್ದು ಅಲ್ಲಿಂದಲೇ. ಅದನ್ನು ಅಳೆಯುವ ಬೊಲೊಮೀಟರ್ ಒಂದು ಅತಿ ಸೂಕ್ಷ್ಮ ಥರ್ಮಾಮೀಟರ್. ವಿಕಿರಣ ಬಿದ್ದರೆ ಇಷ್ಟೇ ಇಷ್ಟು ಬಿಸಿಯಾಗುತ್ತದೆ. ಅದೇ ಬೆಚ್ಚಗಿದ್ದರೆ? ಚೆಂಡೆಯ ಪಕ್ಕ ಕುಳಿತು ಪಿಸುಮಾತು ಕೇಳಿದ ಹಾಗೆ.

ಬೈಂದೂರು ಕಡೆಯ ಪಿಯುಸಿ ಹುಡುಗಿಯೊಬ್ಬಳು ಇದನ್ನೆಲ್ಲ ಮನೆಯಲ್ಲಿ ವಿವರಿಸಿದಾಗ ಅವಳ ಅಪ್ಪಯ್ಯ ಕೇಳಿದ್ದು: “ಗಂಗೊಳ್ಳಿ ಐಸ್ ಹಾಕ್ರೆ ಸಾಕಾತಿಲ್ಯಾ ಹೆಣೆ?” ಪ್ರಶ್ನೆ ದಡ್ಡತನದ್ದಲ್ಲ. ಆದರೆ ಮೀನಿಗೆ ಹಾಕುವ ಐಸೂ 273 ಕೆಲ್ವಿನ್, ಆ ವಿಕಿರಣದ ನೂರು ಪಟ್ಟು. 2009ರಲ್ಲಿ ಹಾರಿದ ಯುರೋಪಿನ ಪ್ಲಾಂಕ್ ಉಪಗ್ರಹದ ಬೊಲೊಮೀಟರುಗಳನ್ನು ಹೀಲಿಯಮ್ ಬಳಸಿ 0.1 ಕೆಲ್ವಿನ್ನಿಗೆ ಇಳಿಸಿದ್ದರು. ಕರಾವಳಿಯ ಗಾಳಿಯ ತೇವವೂ ಈ ಅಲೆಗಳನ್ನು ನುಂಗುತ್ತದೆ. ಹಾಗಾಗಿ ನೆಲದ ಮೇಲಿನ ದೂರದರ್ಶಕಗಳು ಒಣ ಹವೆ ಹುಡುಕಿ ದಕ್ಷಿಣ ಧ್ರುವಕ್ಕೆ, ಚಿಲಿಯ ಅಟಕಾಮ ಮರುಭೂಮಿಗೆ ಹೋಗಿವೆ.

ಅಪ್ಪಯ್ಯನ ನಿಜವಾದ ಚಿಂತೆ ಅಲ್ಲೇ ಇತ್ತು. ಇದನ್ನು ಕಲಿತ ಮಗಳು ಊರಿಗೆ ಬಂದು ಮಾಡುವುದೇನು?

ಉತ್ತರ ಕೊಲ್ಲೂರು ಘಾಟಿಯ ಆಚೆ, ಶರಾವತಿ ಹಿನ್ನೀರಿನಲ್ಲಿದೆ. ಮೊದಲ ನಕ್ಷತ್ರಗಳು ಹೊತ್ತಿದಾಗ ಜಲಜನಕ ಆ ಪಳೆಯುಳಿಕೆ ವಿಕಿರಣದಲ್ಲಿ ಸ್ವಲ್ಪವನ್ನು ಹೀರಿದ ಗುರುತು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಅದನ್ನು ಪರೀಕ್ಷಿಸಲು ಹೊರಟಿತು. ಇಲ್ಲಿ ಹೆಪ್ಪುಗಟ್ಟಿಸುವ ಚಳಿ ಬೇಡ. ಆ ಉದ್ದನೆಯ ರೇಡಿಯೊ ಅಲೆಗಳಲ್ಲಿ ನಮ್ಮ ಆಕಾಶಗಂಗೆಯ ಗದ್ದಲವೇ ಉಪಕರಣದ ಬಿಸಿಗಿಂತ ಜೋರು. ತೊಂದರೆ ಕೊಡುವುದು ಆಂಟೆನಾದ ಕೆಳಗಿನ ಮಣ್ಣು, ಕಲ್ಲಿನ ಪದರಗಳು. ನೀರಾದರೆ ಎಲ್ಲ ಒಂದೇ ಸಮ. ಆದ್ದರಿಂದ 2020ರ ಆರಂಭದಲ್ಲಿ ‘ಸಾರಸ್ 3’ ಎಂಬ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ ಮೊದಲು ದಂಡಿಗಾನಹಳ್ಳಿ ಕೆರೆಯಲ್ಲಿ, ನಂತರ ಶರಾವತಿಯಲ್ಲಿ ತೇಲಿಬಿಟ್ಟರು. ಅಮೆರಿಕದವರು ಹೇಳಿದ ಗುರುತು ಸಿಗಲಿಲ್ಲ. ಶೇಕಡಾ 95.3 ಭರವಸೆಯಿಂದ ಅದನ್ನು ತಳ್ಳಿಹಾಕಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ಅಪ್ಪಯ್ಯ ಎಂಜಿನಿಯರಿಂಗ್ ಸೀಟಿನ ಮಾತು ಇನ್ನೂ ಬಿಟ್ಟಿಲ್ಲ. ಬಿ.ಎಸ್‌ಸಿ. ಅರ್ಜಿಯನ್ನೂ ಒಂದು ತಂದಿಡಲು ಹೇಳಿದ್ದಾರೆ.