ಕೊಂಬು, ಕೆರೆ, ಕೊಂಡುಕುರಿ

ನಗರವಾಸಿಯ ಬೇನೆಗಳಿಗೆ ಹೆಸರುಗಳು ಹಲವು. ಅವುಗಳ ತವರು ಮಾತ್ರ ಒಂದೇ. ಕುತ್ತಿಗೆಯ ಬುಡದಲ್ಲಿ ಹುಟ್ಟಿ, ಎರಡು ಭುಜಗಳ ನಡುವೆ ಬೀಡುಬಿಟ್ಟು, ಸಂಜೆಯ ಹೊತ್ತಿಗೆ ನಡುವಿನವರೆಗೂ ಇಳಿಯುವ ಆ ನೋವನ್ನು ಅರಿಯದ ಗೃಹಸ್ಥನಾಗಲಿ ಗೃಹಿಣಿಯಾಗಲಿ ಇಂದು ವಿರಳ. ಬೆಳಗಿನಿಂದ ಕುರ್ಚಿ, ಕುರ್ಚಿಯಿಂದ ವಾಹನ, ವಾಹನದಿಂದ ಮತ್ತೆ ಕುರ್ಚಿ. ಇಂಥ ಬಾಳಿಗೆ ಬೇಸತ್ತವರು ಎರಡು ಬಗೆಯ ಉಪಶಮನವನ್ನು ಅರಸುತ್ತಾರೆ. ಕೆಲವರು ಬೆನ್ನಿನ ಮೇಲೆ ಬಟ್ಟಲುಗಳನ್ನು ಇರಿಸಿಕೊಳ್ಳುತ್ತಾರೆ. ಕೆಲವರು ಎರಡು ದಿನ ಬಿಡುವು ಮಾಡಿಕೊಂಡು ಹಸುರನ್ನು ಹುಡುಕಿ ಹೊರಡುತ್ತಾರೆ. ಎರಡನ್ನೂ ಮಾಡುವವರೂ ಉಂಟು.

ಬಟ್ಟಲಿನ ಚಿಕಿತ್ಸೆ ಹೊಸದೆಂದು ತಿಳಿಯಬೇಕಾಗಿಲ್ಲ. 2016ರಲ್ಲಿ ರಿಯೋ ನಗರದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಕೆಂಗಪ್ಪು ವೃತ್ತಗಳನ್ನು ಹೊತ್ತು ನೀರಿಗಿಳಿದಾಗ ಜಗತ್ತು ಅದನ್ನು ಹೊಸದಾಗಿ ಕಂಡಂತೆ ಬೆರಗಾಯಿತು. ಆದರೆ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿಯೇ ಇದರ ಮೂಲರೂಪವಿದೆ. ಕೆಟ್ಟ ರಕ್ತವನ್ನು ಹೊರಸೆಳೆಯಲು ವಾತದೋಷಕ್ಕೆ ಹಸುವಿನ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆಬುರುಡೆ ಎಂದು ಅಲ್ಲಿ ವಿಂಗಡಣೆ ಮಾಡಿದೆ. ಅರಬ್ ವೈದ್ಯರ ಮೂಲಕ ಬಂದ ಯುನಾನಿ ಪದ್ಧತಿಯಲ್ಲಿ ಇದಕ್ಕೆ ಹಿಜಾಮಾ ಎಂದು ಹೆಸರು. ಹೀರುವುದು ಎಂಬುದೇ ಆ ಶಬ್ದದ ಮೂಲಾರ್ಥ. ಹಳ್ಳಿಗಾಡಿನಲ್ಲಿ ಕೊಂಬು ಹಾಕುವವರ ರೀತಿ ಇನ್ನೂ ಸರಳ. ಕೊಂಬಿನ ಅಗಲವಾದ ಬಾಯನ್ನು ನೋವಿನ ಜಾಗಕ್ಕೆ ಒತ್ತಿ, ತುದಿಯ ಸಣ್ಣ ರಂಧ್ರದಿಂದ ಗಾಳಿಯನ್ನು ಬಾಯಿಂದ ಹೀರಿ, ರಂಧ್ರವನ್ನು ಮೇಣದಿಂದ ಮುಚ್ಚಿಬಿಟ್ಟರೆ ಆಯಿತು. ಚರ್ಮ ಮೇಲೆದ್ದು ಕೊಂಬು ಕಚ್ಚಿಕೊಳ್ಳುತ್ತದೆ. ಇಂದಿನ ಚಿಕಿತ್ಸಾಲಯದಲ್ಲಿ ಕೊಂಬಿನ ಸ್ಥಾನಕ್ಕೆ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಬಟ್ಟಲು ಬಂದಿದೆ, ಬಾಯಿಯ ಸ್ಥಾನಕ್ಕೆ ಸಣ್ಣ ಪಂಪು ಬಂದಿದೆ. ತತ್ತ್ವ ಮಾತ್ರ ಅದೇ: ಸೆಳೆತ.

ಈ ಸೆಳೆತದ ಗುಣವನ್ನೂ ಮಿತಿಯನ್ನೂ ಬಯಲಿನಲ್ಲಿ ನಿಂತು ಆಲೋಚಿಸಬೇಕೆನ್ನುವವರಿಗೆ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಒಂದು ಸುತ್ತು ಬಹಳ ಅನುಕೂಲ. ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದರೆ ಬೆಳಗಾಗುವುದರೊಳಗೆ ದಾವಣಗೆರೆ. 1997ರಲ್ಲಿ ಹುಟ್ಟಿದ ಈ ಜಿಲ್ಲೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದದ್ದು ತೀರ ಈಚೆಗೆ. ಒಂದು ಅಂಚಿನಲ್ಲಿ ಮಲೆನಾಡಿನ ತಂಪು, ಇನ್ನೊಂದು ಅಂಚಿನಲ್ಲಿ ಬಯಲುಸೀಮೆಯ ಬಿಸಿಲು. ಇವೆರಡನ್ನೂ ಎರಡು ದಿನಗಳಲ್ಲಿ ಕಾಣಬಹುದಾದ ಸೀಮೆ ಇದು.

ಏರಿಯ ಮೇಲೆ

ದಾವಣಗೆರೆಯಿಂದ ದಕ್ಷಿಣಕ್ಕೆ ಚನ್ನಗಿರಿಯ ದಾರಿ ಹಿಡಿದವನನ್ನು ಮೊದಲು ನಿಲ್ಲಿಸುವುದು ಸಂತೇಬೆನ್ನೂರಿನ ಪುಷ್ಕರಣಿ. ಪಾಳೆಯಗಾರ ಹನುಮಪ್ಪನಾಯಕನ ಹೆಸರಿನೊಡನೆ ಬೆಸೆದುಕೊಂಡಿರುವ ಈ ಕೊಳದ ಮೆಟ್ಟಿಲುಗಳು ನಾಲ್ಕೂ ಕಡೆಯಿಂದ ನೀರಿಗಿಳಿಯುತ್ತವೆ. ನಡುನೀರಿನಲ್ಲಿ ವಸಂತಮಂಟಪ ನಿಂತಿದೆ. ಪಕ್ಕದಲ್ಲಿಯೇ 17ನೆಯ ಶತಮಾನದ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ದಾರಿಹೋಕರ ತಂಗುದಾಣವೆಂದೇ ಆ ಹೆಸರಿನ ಅರ್ಥ. ದಣಿದವನಿಗೆ ನೀರು ಬೇಕು, ನೆರಳು ಬೇಕು ಎಂಬುದನ್ನು ಆ ಕಾಲದವರು ಯಾವ ವೈದ್ಯಶಾಸ್ತ್ರವನ್ನೂ ಕೇಳದೆ ಅರಿತಿದ್ದರು.

ಅಲ್ಲಿಂದ ಮುಂದೆ ಸೂಳೆಕೆರೆ. ಗೌರವದ ಹೆಸರು ಶಾಂತಿಸಾಗರ. ಇದು ಏಷ್ಯದ ಅತಿ ದೊಡ್ಡ ಕೆರೆಗಳಲ್ಲಿ ಒಂದೆಂದು ಹೆಸರಾಗಿದೆ. ವಿಸ್ತಾರ ಸುಮಾರು 6,500 ಎಕರೆ. ಕೆರೆಯ ಹುಟ್ಟನ್ನು 11-12ನೆಯ ಶತಮಾನಕ್ಕೆ ಒಯ್ಯುತ್ತಾರೆ. ರಾಜಕುಮಾರಿ ಶಾಂತವ್ವೆ ಇದನ್ನು ಕಟ್ಟಿಸಿದಳೆಂದೂ, ನೆಲವನ್ನು ಬಿಟ್ಟುಕೊಟ್ಟ ಗಣಿಕೆಯರು ಕೆರೆಗೆ ತಮ್ಮ ಹೆಸರೇ ಉಳಿಯಬೇಕೆಂದು ಕೇಳಿದರೆಂದೂ ಐತಿಹ್ಯ. ಕಥೆ ಹೇಗಾದರೂ ಇರಲಿ, ಲೋಕದ ನಿಂದೆಗೆ ಗುರಿಯಾದವರ ಹೆಸರನ್ನು ಶತಮಾನಗಳ ಕಾಲ ಸಾವಿರಾರು ರೈತರು ಕೃತಜ್ಞತೆಯಿಂದ ಉಚ್ಚರಿಸುತ್ತ ಬಂದಿದ್ದಾರೆ ಎಂಬುದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿಯ ಕೌಶಲವೆಲ್ಲ ಜಾಗದ ಆಯ್ಕೆಯಲ್ಲಿದೆ. ಹರಿದ್ರಾ ನದಿ ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ನುಸುಳುವ ಕಡೆ ಏರಿಯನ್ನು ಕಟ್ಟಿ, ಸಿದ್ಧ ಮತ್ತು ಬಸವ ಎಂಬ ಎರಡು ನಾಲೆಗಳನ್ನು ಹೊರಡಿಸಿದ್ದಾರೆ. ಏರಿ ಗಿಡ್ಡ, ನೀರು ಅಪಾರ. ಅದರ ಮೇಲೆ ನಿಂತ ಪ್ರವಾಸಿಗನ ಕಣ್ಣು ಅಡೆತಡೆಯಿಲ್ಲದೆ ಮೈಲಿಗಟ್ಟಲೆ ಹರಿಯುತ್ತದೆ. ತೋಳಳತೆಯ ಪರದೆಯನ್ನೇ ದಿನವಿಡೀ ದಿಟ್ಟಿಸಿದ ಕಣ್ಣಿಗೆ ಇದಕ್ಕಿಂತ ದೊಡ್ಡ ಔಷಧ ಬೇರೊಂದಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಭುಜಗಳು ತಾವಾಗಿಯೇ ಇಳಿಯುತ್ತವೆ, ಉಸಿರು ನಿಧಾನವಾಗುತ್ತದೆ.

ಆದರೆ ಈ ನೀರು ನೋಟಕ್ಕಷ್ಟೇ ಅಲ್ಲ. ಅಚ್ಚುಕಟ್ಟಿನ ಗದ್ದೆ ತೋಟಗಳು ಇದನ್ನು ನಂಬಿವೆ. ಚಿತ್ರದುರ್ಗದಂಥ ದೂರದ ಪಟ್ಟಣದ ನಲ್ಲಿಗಳಲ್ಲಿ ಬರುವುದೂ ಈ ಕೆರೆಯ ನೀರೇ. ಇಂಥ ಕೆರೆಗೆ ಎರಡು ಕಾಯಿಲೆಗಳು ಅಂಟಿವೆ: ಒಳಗೆ ಹೂಳು, ಅಂಚಿನಲ್ಲಿ ಒತ್ತುವರಿ. ಪ್ರವಾಸಿಗ ಎಸೆದು ಹೋಗುವ ಪ್ಲಾಸ್ಟಿಕ್ಕಿನ ಬಾಟಲಿಯೂ ಆ ಕಾಯಿಲೆಗೆ ತನ್ನ ಪಾಲನ್ನು ಸಲ್ಲಿಸುತ್ತದೆ. ಮನಸ್ಸಿನ ಭಾರವನ್ನು ಇಳಿಸಿಕೊಳ್ಳಲು ಬಂದವನು ಕೈಯ ಭಾರವನ್ನೂ ಇಲ್ಲಿಯೇ ಇಳಿಸಿ ಹೋಗುವುದು ನ್ಯಾಯವಲ್ಲ.

ಕೆರೆಯನ್ನು ದಾಟಿದರೆ ಚನ್ನಗಿರಿ ಪಟ್ಟಣ. 1672ರಿಂದ 1697ರವರೆಗೆ ಆಳಿದ ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಈ ಊರಿಗೆ ಉಳಿದಿದೆ. ಗುಡ್ಡದ ಮೇಲೆ ಕೋಟೆ, ಕೋಟೆಯೊಳಗೆ ರಂಗನಾಥನ ಗುಡಿ, ಕೆಳಗೆ ಕಣ್ಣು ಹಾಯುವವರೆಗೂ ಅಡಿಕೆಯ ತೋಟಗಳು. ಕೋಟೆಯನ್ನು ಏರುವುದೇ ಕುರ್ಚಿಗೆ ಅಂಟಿದ ನಡುವಿಗೆ ಒಂದು ಚಿಕಿತ್ಸೆ. ಇದಕ್ಕೆ ಯಾವ ಶುಲ್ಕವೂ ಇಲ್ಲ.

ನದಿಯ ದಡ, ಬೆಟ್ಟದ ತೀರ್ಥ

ಚನ್ನಗಿರಿಯಿಂದ ಪಶ್ಚಿಮಕ್ಕೆ ಸಾಗಿದರೆ ನಿಂತ ನೀರಿನ ರಾಜ್ಯ ಮುಗಿದು ಹರಿವ ನೀರಿನ ರಾಜ್ಯ ಮೊದಲಾಗುತ್ತದೆ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ತುಂಗಭದ್ರೆಯೆಂಬ ಹೆಸರಿನಲ್ಲಿ ಹೊನ್ನಾಳಿಯ ಪಕ್ಕದಲ್ಲಿ ಹಾದುಹೋಗುತ್ತಾರೆ. ಇಲ್ಲಿಯ ರಾಘವೇಂದ್ರಸ್ವಾಮಿಗಳ ಮಠಕ್ಕೆ ಎರಡನೆಯ ಮಂತ್ರಾಲಯವೆಂದು ಪ್ರಸಿದ್ಧಿ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವ ಹೊಳೆ ಬೇಸಗೆಯಲ್ಲಿ ಬಂಡೆಗಳ ನಡುವೆ ಮೆಲುದನಿಯಲ್ಲಿ ಸರಿಯುತ್ತದೆ. ದಡದ ಮರದ ನೆರಳಿನಲ್ಲಿ ಕುಳಿತು ಆ ದನಿಯನ್ನು ಕೇಳುವವನಿಗೆ ನಗರದ ಹಾರನ್ನುಗಳು ಇನ್ನಾವುದೋ ಜನ್ಮದ ನೆನಪಿನಂತೆ ತೋರುತ್ತವೆ.

ಹೊನ್ನಾಳಿಯಿಂದ ನ್ಯಾಮತಿ ದೂರವಿಲ್ಲ. ಈ ತಾಲ್ಲೂಕಿನ ಬೆಳಗುತ್ತಿಯ ಬಳಿಯ ಬೆಟ್ಟದಲ್ಲಿ ತೀರ್ಥರಾಮೇಶ್ವರವಿದೆ. ಕಾಡಿನ ನಡುವೆ ಗುಡಿ, ಗುಡಿಯ ಬಳಿ ಕಲ್ಲಿನಿಂದ ಒಸರುವ ತೀರ್ಥ. ಅದಕ್ಕೆ ಶ್ರೀರಾಮನ ವನವಾಸದೊಡನೆ ಹೆಣೆದ ಐತಿಹ್ಯ. ಸೂಳೆಕೆರೆಯ ಮುಂದೆ ಕಣ್ಣಿಗೆ ದೊರೆತ ವಿಶ್ರಾಂತಿ ಇಲ್ಲಿ ಕಿವಿಗೂ ಚರ್ಮಕ್ಕೂ ದೊರೆಯುತ್ತದೆ. ಎಲೆಗಳ ಮರ್ಮರ, ಹಕ್ಕಿಯ ಕರೆ, ಒದ್ದೆಕಲ್ಲಿನ ತಂಪು.

ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾದದ್ದು. 1739ರ ಫೆಬ್ರವರಿ 15 ಅವರ ಜನ್ಮದಿನ. ಆ ದಿನಗಳಲ್ಲಿ ನೆರೆಯ ರಾಜ್ಯಗಳಿಂದಲೂ ಯಾತ್ರಿಕರು ಇಲ್ಲಿಗೆ ಬಂದು ಸೇರುತ್ತಾರೆ. ಎತ್ತುಗಳ ಬೆನ್ನಿನ ಮೇಲೆ ಉಪ್ಪು ಧಾನ್ಯಗಳನ್ನು ಹೇರಿ ನಾಡಿನಿಂದ ನಾಡಿಗೆ ನಡೆದವರು ಬಂಜಾರರು. ಪ್ರಯಾಣವೇ ಅವರಿಗೆ ದುಡಿಮೆಯಾಗಿತ್ತು. ನೆಲೆ ಸಿಕ್ಕುವುದೇ ವಿಶ್ರಾಂತಿಯಾಗಿತ್ತು. ಇಂದಿನ ನಗರವಾಸಿಗೆ ನೆಲೆಯೇ ದುಡಿಮೆ, ಪ್ರಯಾಣವೇ ವಿಶ್ರಾಂತಿ. ಕಾಲ ಹೇಗೆ ತಿರುಗಿತು ನೋಡಿ!

ನಾಲ್ಕು ಕೊಂಬಿನ ಪ್ರಾಣಿ

ಇಷ್ಟರವರೆಗೆ ನೀರಿನ ಸುಖವನ್ನು ಉಂಡವನು ಜಗಳೂರಿಗೂ ಹೋಗಲೇಬೇಕು. ಇಲ್ಲವಾದರೆ ಪ್ರವಾಸ ಅರ್ಧವಾದಂತೆ. ಮರಳಿ ದಾವಣಗೆರೆಗೆ ಬಂದು ಪೂರ್ವಕ್ಕೆ ಹೊರಟರೆ ಹಸುರು ಮೆಲ್ಲಮೆಲ್ಲನೆ ಹಿಂದೆ ಸರಿದು, ನೆಲ ಕೆಂಪಾಗಿ, ಆಕಾಶ ದೊಡ್ಡದಾಗುತ್ತದೆ. ಮಳೆ ಆಗಾಗ ಕೈಕೊಡುವ ತಾಲ್ಲೂಕು ಇದು. ಕೊಳವೆಬಾವಿಗಳು ಆಳಕ್ಕಿಳಿದಂತೆ ಹಲವು ಹಳ್ಳಿಗಳ ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಬಾಧೆ ಕಾಣಿಸಿಕೊಂಡಿತು.

ಇಲ್ಲಿಯ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಸರಕಾರ ವನ್ಯಜೀವಿಧಾಮವೆಂದು ಸಾರಿತು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರು. ಇದು ಕೊಂಡುಕುರಿಯ ನೆಲೆ. ಹೆಸರಿನಲ್ಲಿ ಕುರಿಯಿದ್ದರೂ ಇದು ಜಿಂಕೆಯಂತೆ ಕಾಣುವ ಪುಟ್ಟ ಪ್ರಾಣಿ. ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಕಾಣಸಿಗುವ ಇದರ ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಎರಡು. ಹಿಂಡು ಕಟ್ಟದ, ಸಪ್ಪಳಕ್ಕೆ ಬೆದರುವ, ಒಂಟಿಯಾಗಿಯೋ ಜೋಡಿಯಾಗಿಯೋ ಬಾಳುವ ಸಂಕೋಚದ ಜೀವಿ ಇದು. ಹಾರನ್ನು ಬಾರಿಸುತ್ತ, ಹಾಡು ಹಚ್ಚುತ್ತ ಬಂದವನಿಗೆ ಇದು ಕಾಣಿಸುವುದೇ ಇಲ್ಲ. ಮೌನವಾಗಿ ಕಾಯಬಲ್ಲವನಿಗೂ ಕಂಡೀತೆಂಬ ಭರವಸೆಯಿಲ್ಲ. ಆದರೆ ಹಾಗೆ ಕಾಯುವ ಒಂದು ಗಂಟೆಯಿದೆಯಲ್ಲ, ಅದೇ ಪ್ರವಾಸದ ನಿಜವಾದ ಲಾಭ. ಯಾವುದನ್ನೂ ಬೇಗ ಬೇಕೆನ್ನದೆ ಕುಳಿತ ಗಂಟೆ ನಗರದಲ್ಲಿ ಯಾರಿಗೆ ದೊರೆಯುತ್ತದೆ?

ಜಗಳೂರಿನ ಜನ ಮಾತ್ರ ಕಾಯುವುದನ್ನು ಬೇರೆ ಬಗೆಯಲ್ಲಿ ಬಲ್ಲರು. ತುಂಗಭದ್ರೆಯ ನೀರನ್ನು ಹರಿಹರದ ಬಳಿ ಎತ್ತಿ ಈ ಭಾಗದ 57 ಕೆರೆಗಳಿಗೆ ತುಂಬಿಸುವ ಏತ ಯೋಜನೆ ಅವರ ಬಹುಕಾಲದ ಆಸೆಗೆ ರೂಪ ಕೊಟ್ಟಿತು. ನಕಾಶೆಯನ್ನು ಹಾಸಿ ನೋಡಿದರೆ ಒಂದು ಸೊಗಸು ತಿಳಿಯುತ್ತದೆ. ಚನ್ನಗಿರಿಯ ಹರಿದ್ರೆ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹೊನ್ನಾಳಿಯನ್ನು ಹಾದ ಹೊಳೆಯೂ ಅಲ್ಲಿಗೇ ಬರುತ್ತದೆ. ಅಲ್ಲಿಂದ ನೀರು ಜಗಳೂರಿನ ಒಣನೆಲಕ್ಕೆ ಏರುತ್ತದೆ. ಬೇರೆ ಬೇರೆಯಾಗಿ ಕಂಡ ಸೀಮೆಗಳು ಒಂದೇ ಶರೀರದ ಅಂಗಗಳು. ನೀರೇ ಅವುಗಳ ರಕ್ತ.

ಉಪಶಮನ ಮತ್ತು ಗುಣ

ಇಲ್ಲಿಗೆ ಮತ್ತೆ ಕೊಂಬಿನ ಮಾತು. ಕುತ್ತಿಗೆ ಬೆನ್ನುಗಳ ನೋವಿಗೆ ಬಟ್ಟಲಿನ ಚಿಕಿತ್ಸೆ ಕೆಲವು ಕಾಲ ಹಿತ ನೀಡಬಹುದೆಂದು ಪರೀಕ್ಷೆಗಳು ಸೂಚಿಸುತ್ತವೆ. ಆದರೆ ಆ ಪರೀಕ್ಷೆಗಳ ಆಧಾರ ಗಟ್ಟಿಯಾದುದಲ್ಲ. ಅದು ದೇಹದ ವಿಷವನ್ನೆಲ್ಲ ಹೀರಿ ತೆಗೆಯುತ್ತದೆಂಬ ಮಾತಿಗೆ ಪುರಾವೆಯಿಲ್ಲ. ಬೆನ್ನಿನ ಮೇಲೆ ಉಳಿಯುವ ವೃತ್ತಗಳು ವಿಷದ ಗುರುತಲ್ಲ. ಸೂಕ್ಷ್ಮ ರಕ್ತನಾಳಗಳು ಒಡೆದು ಮೂಡಿದ ಕಂದು. ಒಂದೆರಡು ವಾರಗಳಲ್ಲಿ ಅವು ಮಾಸುತ್ತವೆ. ಚರ್ಮವನ್ನು ಗೀರಿ ರಕ್ತ ತೆಗೆಯುವ ವಿಧಾನದಲ್ಲಿ ಶುಚಿತ್ವ ತಪ್ಪಿದರೆ ಸೋಂಕಿನ ಭಯವುಂಟು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ರಕ್ತಹೀನತೆಯುಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಅಧಿಕೃತ ಶಿಕ್ಷಣ ಪಡೆದ ವೈದ್ಯರಲ್ಲಿಯೇ ಹೋಗುವುದು ಕ್ಷೇಮ.

ಹಸುರಿನ ಚಿಕಿತ್ಸೆಗೆ ಸಾಕ್ಷ್ಯವಿದೆಯೇ ಎಂದರೆ, ಇದೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಅಮೆರಿಕದ ಸಂಶೋಧಕರು ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ಪ್ರಕಟಿಸಿದರು. ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆಯನ್ನು ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷಗಳಾದರೂ ಪ್ರಕೃತಿಯ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೆಚ್ಚಾಗಿ ಹೇಳಿದರು. ಒಮ್ಮೆಗೇ ಕಳೆದರೂ ಸರಿ, ಹಂಚಿ ಕಳೆದರೂ ಸರಿ.

ಗಮನಿಸಬೇಕಾದ ಮಾತು ಇದು: ವರ್ಷಕ್ಕೆ ಎರಡು ದಿನವಲ್ಲ, ವಾರಕ್ಕೆ ಎರಡು ಗಂಟೆ. ವರ್ಷಕ್ಕೊಮ್ಮೆಯ ಪ್ರವಾಸವೂ ಕೊಂಬಿನಂತೆಯೇ. ನೋವನ್ನು ಮೇಲಕ್ಕೆ ಸೆಳೆದು ಸ್ವಲ್ಪ ಕಾಲ ಹಗುರಾಗಿಸುತ್ತದೆ. ಬಾಳಿನ ರೀತಿ ಬದಲಾಗದಿದ್ದರೆ ಕಂದು ಮಾಸಿದಂತೆ ಹಿತವೂ ಮಾಸುತ್ತದೆ. ಕೆರೆಯ ರೀತಿ ಬೇರೆ. ಮಳೆಗಾಲದ ಆರ್ಭಟವನ್ನು ತಾಳ್ಮೆಯಿಂದ ಹಿಡಿದಿಟ್ಟುಕೊಂಡು ವರ್ಷವಿಡೀ ತೂಬಿನ ಮೂಲಕ ಅಳೆದು ಬಿಡುವುದು ಅದರ ಧರ್ಮ. ಎಂಟು ಶತಮಾನಗಳಿಗೂ ಮಿಕ್ಕಿ ಸೂಳೆಕೆರೆ ಬದುಕಿರುವುದು ಆ ಧರ್ಮದಿಂದಲೇ.

ಮನೆಯ ಹತ್ತಿರ ಒಂದು ಉದ್ಯಾನವೋ, ಅಳಿದುಳಿದ ಒಂದು ಕೆರೆಯೋ, ಸಾಲುಮರದ ಒಂದು ರಸ್ತೆಯೋ ಇಲ್ಲದ ಬಡಾವಣೆ ಅಪರೂಪ. ಮಕ್ಕಳ ಕೈಹಿಡಿದು ವಾರಕ್ಕೆ ಎರಡು ಗಂಟೆ ಅಲ್ಲಿ ನಡೆಯುವ ಕುಟುಂಬ ತನ್ನ ಬಾಳಿಗೊಂದು ತೂಬನ್ನು ಇಟ್ಟುಕೊಂಡಂತೆ. ರಜೆ ಬಂದಾಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ದಾರಿ ಇದ್ದೇ ಇದೆ. ಹೋಗುವಾಗ ನೀರಿನ ಸೀಸೆ ಮನೆಯಿಂದಲೇ ಇರಲಿ. ಬರುವಾಗ ಅದು ಮರಳಿ ಮನೆಗೇ ಬರಲಿ.